ತೊಟ್ಟಿ ಮುಚ್ಚಿದ ಮೇಲೆ ಎರಡು ಫ್ಯಾನು

ಅಜ್ಜಂಪುರದ ನಮ್ಮ ದೊಡ್ಡಪ್ಪನ ತೊಟ್ಟಿ ಮನೆಗೆ ಈಗ ತೊಟ್ಟಿಯಿಲ್ಲ. ಕೋತಿ ಇಳಿಯುತ್ತವೆ, ಇರಚಲು ಹೊಡೆಯುತ್ತದೆ ಎಂದು ಮೇಲೆ ಫೈಬರ್ ಶೀಟು ಹೊದಿಸಿದರು. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ, ಹೆಂಚಿನ ಕೆಳಗೆ ಪಿವಿಸಿ ಸೀಲಿಂಗು. ನೋಡಲು ಲಕ್ಷಣವಾಗಿದೆ. ಆದರೆ ಏಪ್ರಿಲ್ ಮಧ್ಯಾಹ್ನ ಪಡಸಾಲೆಯಲ್ಲಿ ಎರಡು ಫ್ಯಾನು ತಿರುಗಿದರೂ ಅಂಗಿ ಬೆನ್ನಿಗಂಟುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದ ಹಳೇ ಬೀದಿಗಳಲ್ಲಿ ‘ರಿಪೇರಿ’ ಎಂದರೆ ಹೆಚ್ಚುಕಡಿಮೆ ಇದೇ. ರಿಪೇರಿ ಬೇಡವೆನ್ನುತ್ತಿಲ್ಲ; ಗಾಳಿ ಯಾವ ದಾರಿ ಹಿಡಿಯುತ್ತಿತ್ತೆಂದು ನೋಡದೆ ಕೈಹಾಕುತ್ತಾರಲ್ಲ, ಅದು ನನ್ನ ತಕರಾರು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಕಾವನ್ನು ಒಳಗೆ ಬಿಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಬಿಸಿಗಾಳಿ ಮೇಲೇರಿ ತೊಟ್ಟಿಯಿಂದ, ಹೆಂಚಿನ ಸಂದುಗಳಿಂದ ಆಚೆ ಹೋಗುತ್ತಿತ್ತು. ಶೀಟು ಬಂದ ದಿನವೇ ಆ ದಾರಿ ಬಂದ್. ಸಿಮೆಂಟು ಗಾರೆಯ ಕಥೆಯೂ ಅಷ್ಟೆ: ಬುಡದಿಂದ ಹೀರಿದ ತೇವ ಹೊರಬರಲಾಗದೆ ಒಳಗೇ ಕೂತು, ಗಾರೆ ಉಬ್ಬಿ ಹಕ್ಕಳೆಯಾಗಿ ಉದುರುತ್ತದೆ. ಸುಣ್ಣದ ಗಾರೆಗೆ ಈ ಬಾಧೆಯಿಲ್ಲ. ಅದನ್ನು ಬಲ್ಲ ಮೇಸ್ತ್ರಿ ಸಿಗಬೇಕು, ಅಷ್ಟೆ.

ಹಾಗಂತ ಹಳೆಯದನ್ನು ತಲೆ ಮೇಲೆ ಹೊತ್ತು ಕುಣಿಯಲಾರೆ. ನಡುಮನೆಯ ಆ ಕತ್ತಲು! ಹಗಲು ಹನ್ನೊಂದಕ್ಕೂ ಅಕ್ಕಿ ಆರಿಸಲು ದೀಪ ಬೇಕು. ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕಿ ಊದಿ ಊದಿ ದೊಡ್ಡಮ್ಮನ ಕಣ್ಣೇ ಹೊಗೆಯಾಯಿತು. ಮಳೆಗೆ ಮುಂಚೆ ಹೆಂಚು ಕೈಯಾಡಿಸುವವರು ಸಿಗುವುದಿಲ್ಲ. ಮಾಳಿಗೆ ಮನೆಯವರಿಗೆ ಸೂರಿನ ಮೇಲಕ್ಕೆ ಮಣ್ಣು ಹೊರುವ ಪಾಡು ಬೇರೆ. ಹೀಗಾಗಿ ಆರ್‌ಸಿಸಿ ಹಾಕಿಸಿದವರನ್ನು ಹೀಯಾಳಿಸುವ ಪೇಟೆ ಜನರ ಮಾತು ನನಗೆ ಒಗ್ಗದು. ಆದರೂ ನಾಲ್ಕೈದು ಇಂಚಿನ ತಾರಸಿ ಮಧ್ಯಾಹ್ನದ ಬಿಸಿಲನ್ನು ನಾವು ಮಲಗುವ ಹೊತ್ತಿನವರೆಗೂ ಕೆಳಗಿಳಿಸುತ್ತಲೇ ಇರುವುದು ಸುಳ್ಳಲ್ಲ.

2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಯೋಜನೆಯ ಶೂನ್ಯ ವಿದ್ಯುತ್ ಬಿಲ್ಲು ಬಂದ ಮೇಲೆ ಮನೆಯ ಸೆಕೆಗೆ ಬೆಲೆಯೇ ಕಾಣದಂತಾಗಿದೆ. ಬಡವರಿಗೆ ಅದು ಆಸರೆ, ಎರಡು ಮಾತಿಲ್ಲ. ಆದರೆ ಉಚಿತದ ಮಿತಿ ಹಿಂದಿನ ಬಳಕೆಯ ಸರಾಸರಿಗೆ ಅಂಟಿಕೊಂಡಿದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಸೆಕೆ ತಾಳದೆ ಏಸಿ ಕೂರಿಸಿದವರಿಗೆ ಆಗ ಲೆಕ್ಕ ತಿಳಿಯುತ್ತದೆ.

ಉಪಾಯವಿಲ್ಲದಿಲ್ಲ. ತರೀಕೆರೆಯ ಪರಿಚಿತರೊಬ್ಬರು ತೊಟ್ಟಿಯ ಮೇಲಿನ ಶೀಟನ್ನು ಮಾಡಿಗಿಂತ ಎರಡಡಿ ಎತ್ತರಿಸಿ, ಸುತ್ತ ಕಬ್ಬಿಣದ ಜಾಲರಿ ಬಿಗಿಸಿದ್ದಾರೆ. ಕೋತಿಗೆ ದಾರಿಯಿಲ್ಲ, ಗಾಳಿಗೆ ಇದೆ. ನಡುಮನೆಗೆ ಮೂರು ಗಾಜಿನ ಹೆಂಚು. ನಾನು ಹೋದಾಗ ಅವರ ತಾಯಿ ನೆಲದ ಮೇಲಿನ ಬಿಸಿಲಿನ ಚೌಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಚೌಕ ಸರಿದಂತೆ ಮೊರವನ್ನೂ ಸರಿಸುತ್ತಿದ್ದರು.