ತುರ್ತು ಪರಿಸ್ಥಿತಿಯ ಲೆಕ್ಕಪತ್ರ: ಕುದುರೆಮುಖದಿಂದ ಒಂದು ಪರಿಶೀಲನೆ

"ತುರ್ತು ಪರಿಸ್ಥಿತಿಯಲ್ಲಿ ರೈಲುಗಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದವು." ಓವರ್‌ಲೇಕ್‌ನ ನಮ್ಮ ಹಬ್ಬದೂಟಗಳಲ್ಲಿ ನನ್ನ ವಯಸ್ಸಿನವರು ಯಾರಾದರೂ ಈ ಮಾತು ತೆಗೆಯುತ್ತಾರೆ. ಹಿಂದೆಯೇ ದೇವರಾಜ ಅರಸರ ಭೂಸುಧಾರಣೆ, ಇಂದಿರಾ ಗಾಂಧಿಯವರ ಪರಿಸರ ಕಾಳಜಿಯ ಪ್ರಸ್ತಾಪ ಬರುತ್ತದೆ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ಆ ಅವಧಿಯನ್ನು ಇದೇ ಅಳತೆಗೋಲಿನಿಂದ ಅಳೆದರೆ ಏನು ಉಳಿಯುತ್ತದೆ?

ವೈದ್ಯನ ಮೊದಲ ಪ್ರಶ್ನೆ: ಜ್ವರ ಇಳಿದದ್ದು ಔಷಧಿ ಕೊಟ್ಟ ಮೇಲೋ, ಮೊದಲೋ? ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಬಂಡೀಪುರವೂ ಸೇರಿದ್ದ ಹುಲಿ ಯೋಜನೆ 1973ರದು. ಜಲಮಾಲಿನ್ಯ ಕಾಯ್ದೆ 1974ರದು. ಪತ್ರಿಕೆಗಳೂ ವಿರೋಧ ಪಕ್ಷಗಳೂ ಮಾತನಾಡುತ್ತಿದ್ದ ಕಾಲದಲ್ಲೇ ಇವೆಲ್ಲ ಆದವು.

ಆ ಅವಧಿಯದೇ ಆದ ದೊಡ್ಡ ಯೋಜನೆ ಬೇಕೆಂದರೆ ಕುದುರೆಮುಖವಿದೆ. ಇರಾನಿನ ಷಾ ಸರ್ಕಾರದ ಸಾಲ ನಂಬಿ, ಇರಾನಿಗೇ ಅದಿರು ಕಳಿಸಲೆಂದು 1976ರ ಏಪ್ರಿಲ್‌ನಲ್ಲಿ ಕಂಪನಿ ಸ್ಥಾಪನೆಯಾಯಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಬೆಟ್ಟಸಾಲು ಅದು. ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿ ಗಣಿತ್ಯಾಜ್ಯ ತುಂಬಿಸಿದರು. ಅದಿರಿನ ರಾಡಿಯನ್ನು ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸಿದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಕೊಳ್ಳುವವರೇ ಇಲ್ಲವಾದರು. ಹೂಳು ಮಾತ್ರ ಮಳೆಗಾಲದಲ್ಲಿ ಭದ್ರೆಗೆ ಸೇರುತ್ತ ಹೋಯಿತು.

ಆಮೇಲಿನ ಚುನಾಯಿತ ಸರ್ಕಾರಗಳೂ ಗಣಿ ನಿಲ್ಲಿಸಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆಗ ಜನ ಪ್ರತಿಭಟಿಸಬಹುದಿತ್ತು, ನ್ಯಾಯಾಲಯಕ್ಕೆ ಹೋಗಬಹುದಿತ್ತು. ಹೋದರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಇಲ್ಲೊಂದು ತೊಡಕಿದೆ. ಪರಿಸರ ರಕ್ಷಣೆಯನ್ನು ಸಂವಿಧಾನದೊಳಕ್ಕೆ ತಂದ 48ಎ, 51ಎ ವಿಧಿಗಳು ಬಂದದ್ದು ತುರ್ತು ಪರಿಸ್ಥಿತಿಯ 42ನೆಯ ತಿದ್ದುಪಡಿಯಿಂದ. ಅದನ್ನು ಜಮಾ ಕಡೆಗೇ ಬರೆಯಬೇಕು. ಆದರೆ ಅದೇ ತಿದ್ದುಪಡಿ ನ್ಯಾಯಾಲಯಗಳ ಕೈಯನ್ನೂ ಕಟ್ಟಿತ್ತು. ಜನತಾ ಸರ್ಕಾರ ಆ ಕಟ್ಟನ್ನು ಬಹುಮಟ್ಟಿಗೆ ಬಿಚ್ಚಿತು. ಬಿಚ್ಚದಿದ್ದರೆ ಆ ಒಳ್ಳೆಯ ವಿಧಿಗಳು ಪುಸ್ತಕದಲ್ಲೇ ಉಳಿಯುತ್ತಿದ್ದವು.

ಇನ್ನು ಆರೋಗ್ಯ. 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಗುರಿ ಮುಟ್ಟಿತು, ನಂಬಿಕೆ ಹೋಯಿತು. ವರ್ಷಗಳ ನಂತರ, ಮಕ್ಕಳಿಗೆ ಲಸಿಕೆ ಹಾಕಲು ಹೋದ ನಮ್ಮ ಜೀಪು ಕಂಡು ಒಂದು ಹಳ್ಳಿಯ ಗಂಡಸರು ಹೊಲಗಳತ್ತ ಓಡಿದ್ದನ್ನು ನಾನೇ ಕಂಡಿದ್ದೇನೆ. ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆಸ್ತಮಾಕ್ಕೆ ಆಗಲೂ ಚಿಕಿತ್ಸೆ ಇತ್ತು.

ಪ್ರಜಾಪ್ರಭುತ್ವ ನಿಧಾನ ಎನ್ನುವವರು ನಮ್ಮ ಪಕ್ಕದ ಲೇಕ್ ವಾಷಿಂಗ್ಟನ್ ನೋಡಲಿ. ಕೊಳಚೆ ನೀರಿನಿಂದ ಪಾಚಿಗಟ್ಟಿದ್ದ ಸರೋವರ ಅದು. 1958ರ ಮಾರ್ಚ್‌ನಲ್ಲಿ ಮತದಾರರು ಶುದ್ಧೀಕರಣದ ಪ್ರಸ್ತಾವವನ್ನು ತಿರಸ್ಕರಿಸಿದರು, ಸೆಪ್ಟೆಂಬರ್‌ನಲ್ಲಿ ಒಪ್ಪಿದರು. 1968ರ ಹೊತ್ತಿಗೆ ಕೊಳಚೆ ಬೇರೆಡೆ ತಿರುಗಿತ್ತು. ಇಂದು ನಮ್ಮ ಮೊಮ್ಮಕ್ಕಳು ಅಲ್ಲಿ ಈಜುತ್ತಾರೆ.

ಮುಂದಿನ ಹಬ್ಬದೂಟದಲ್ಲಿ ರೈಲಿನ ಮಾತು ಬಂದರೆ, ಆ ಮಕ್ಕಳಿಗೆ ಭದ್ರೆಯ ಕಥೆಯನ್ನೂ ಹೇಳೋಣ.