ಕಂತಿನ ಹಾಜರಿ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಮೈಕ್ರೋಫೈನಾನ್ಸ್ ಸಂಘದ ಮೀಟಿಂಗು ಗಾರ್ಮೆಂಟ್ಸ್ ಬಸ್ಸು ಬರುವಷ್ಟರಲ್ಲಿ ಮುಗಿಯಬೇಕು. ಯಾರದೋ ಮನೆಯ ಜಗಲಿ, ಐದೈದು ಜನರ ಸಾಲು, ಪಾಸ್‌ಬುಕ್ಕಿನೊಳಗೆ ಮಡಿಚಿಟ್ಟ ನೋಟು. ಫೈನಾನ್ಸಿನ ಸಾರ್ ಹೆಸರು ಕೂಗುತ್ತಾರೆ. ಬಾರದವಳ ಪಾಸ್‌ಬುಕ್ಕನ್ನು ಪಕ್ಕದವಳು ಚಾಚುತ್ತಾಳೆ. ಕಂತು ಬಂತಲ್ಲ, ತಕರಾರಿಲ್ಲ. ಹಾಜರಿ ದುಡ್ಡಿನದು.

ಹಿಂದೆ ಹೀಗಿರಲಿಲ್ಲ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ, 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಲು ಹೊರಟ ಸ್ವಸಹಾಯ ಸಂಘಗಳ ಪಂಚಸೂತ್ರದಲ್ಲಿ ತಪ್ಪದ ಸಭೆಗೇ ಮೊದಲ ಸ್ಥಾನ, ಉಳಿತಾಯ ಆಮೇಲೆ. ಸಾಲ ಯಾರಿಗೆ, ಎಷ್ಟು, ಏಕೆ ಎಂದು ಅಲ್ಲೇ ಜಗಳವಾಡಿ ತೀರ್ಮಾನಿಸಬೇಕಿತ್ತು. ಬಾರದವಳ ಮಾತು ನಡೆಯುತ್ತಿರಲಿಲ್ಲ. ಬಾಂಗ್ಲಾದ ಗ್ರಾಮೀಣ ಬ್ಯಾಂಕಿನ ಮಾದರಿ ಬೇರೆ. 1999ರಲ್ಲಿ ಗ್ರಾಮೀಣ ಕೂಟ ಎಂಬ ಮೈಕ್ರೋಫೈನಾನ್ಸ್ ಸಂಸ್ಥೆ ಅದನ್ನು ಬೆಂಗಳೂರಿನ ಸುತ್ತ ತಂದಿತು. ಈ ಬಗೆಯ ಜಂಟಿ ಹೊಣೆಯ ಸಾಲದಲ್ಲಿ ಮೊತ್ತ, ಬಡ್ಡಿ, ಅವಧಿ ಎಲ್ಲ ಆಫೀಸಿನಲ್ಲೇ ನಿಶ್ಚಯ. ಹೆಣ್ಣುಮಕ್ಕಳು ಕೂತು ತೀರ್ಮಾನಿಸಲು ಹೆಚ್ಚೇನೂ ಉಳಿದಿಲ್ಲ.

ಹಾಗೆಂದು ಕೂಡುವುದೇ ದಂಡ ಎನ್ನಲಾರೆ. ಕೋಲ್ಕತ್ತದಲ್ಲಿ ನಡೆದ ಒಂದು ಅಧ್ಯಯನದಲ್ಲಿ ವಾರವಾರ ಸೇರಿದವರು, ತಿಂಗಳಿಗೊಮ್ಮೆ ಸೇರಿದವರಿಗಿಂತ, ಮುಂದಿನ ಸಾಲದಲ್ಲಿ ಬಾಕಿ ಉಳಿಸಿದ್ದು ಕಡಿಮೆ. ಮೀಟಿಂಗಿನಾಚೆಗೂ ಪರಸ್ಪರ ಹೋಗಿಬರುತ್ತಿದ್ದರು. ಆದರೆ ಅಲ್ಲಿ ಒಬ್ಬಳ ಸಾಲಕ್ಕೆ ಇನ್ನೊಬ್ಬಳು ಹೊಣೆಯಾಗಿರಲಿಲ್ಲ. ಇದನ್ನು ನಮ್ಮ ಕಂಪನಿಗಳು ಹೇಳುವುದಿಲ್ಲ. ಇಲ್ಲಿ ಬಾರದವಳ ಕಂತನ್ನು ಬಂದವರು ತುಂಬುವ ತನಕ ಮೀಟಿಂಗು ಏಳುವುದಿಲ್ಲ. ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಅಂಥ ಜಗಲಿಯಲ್ಲಿ ನಂಟು ಬೆಳೆಯುತ್ತದೆಯೇ? ಲೆಕ್ಕ ಮಾತ್ರ ಬೆಳೆಯುತ್ತದೆ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ.

ರಿಸರ್ವ್ ಬ್ಯಾಂಕಿನ 2022ರ ನಿಯಮ ಗೈರುಹಾಜರಿಗೆ ಇನ್ನೊಂದು ಬೆಲೆ ಕಟ್ಟಿದೆ. ವಸೂಲಿ ಸಾಲ ಕೊಟ್ಟವರು, ಪಡೆದವರು ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು, ಸರಿ. ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದಂತೆ. ತಪ್ಪಿಸಿಕೊಂಡವಳಿಗೂ ಶಿಫ್ಟು ಬದಲಾದವಳಿಗೂ, ಮಗುವಿಗೆ ಜ್ವರ ಬಂದವಳಿಗೂ ಈ ಎಣಿಕೆಯಲ್ಲಿ ಭೇದವಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗಳ ಅಪೆರೆಲ್ ಪಾರ್ಕಿನ ಗೇಟಿನಲ್ಲಿ ಸೂಪರ್‌ವೈಸರ್ ಎದುರು ಸಾಲದವರು ನಿಂತರೆ ಅವಳ ಮರ್ಯಾದೆ ಏನಾದೀತು ಎಂಬುದು ನಿಯಮ ಬರೆದವರಿಗೆ ಹೊಳೆದಂತಿಲ್ಲ. ಬಾರದವಳನ್ನು ಏಕೆ ಬರಲಿಲ್ಲವೆಂದು ಕೇಳುವ ಒಂದು ಕಾಲಂ ಆದರೂ ಹಾಜರಿ ಪುಸ್ತಕದಲ್ಲಿರಬೇಕಿತ್ತು. ಸಂಘದ ಮುಖಂಡಳಾದ ಸೆಂಟರ್ ಲೀಡರ್‌ಗೆ ಕಾರಣ ಗೊತ್ತಿರುತ್ತದೆ, ಬರೆದುಕೊಳ್ಳುವವರಿಲ್ಲ.