ಎರಡು ಹಕ್ಕಿಗೆ ಐದು ಕೆಜಿ ನವಣೆ ಯಾಕೆ?

ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಕೊಡುವ ಮಾಮೂಲಿ ಬಜರಿಗರ್ ಹಕ್ಕಿ ತೂಗುವುದು 30ರಿಂದ 40 ಗ್ರಾಂ. ದಿನಕ್ಕೆ ಅದು ತಿನ್ನುವ ಕಾಳು 5ರಿಂದ 8 ಗ್ರಾಂ. ಚೆಲ್ಲಿದ್ದು, ಕೆದರಿದ್ದು ಎಲ್ಲ ಸೇರಿಸಿದರೂ ಒಂದು ಜೋಡಿಗೆ ತಿಂಗಳಿಗೆ ಅರ್ಧ ಕೆಜಿ ಧಾರಾಳ. ಆದರೂ ನಾಲ್ಕು ಕಾಸು ಉಳಿಯುತ್ತದೆಂದು ಐದು ಕೆಜಿಯ ಚೀಲ ಹೊತ್ತು ತರುವವರೇ ಜಾಸ್ತಿ. ಲೆಕ್ಕ ಹಾಕಿ ನೋಡಿ: ಆ ಚೀಲದ ಕೊನೆಯ ಹಿಡಿ ಬಟ್ಟಲಿಗೆ ಬೀಳುವ ಹೊತ್ತಿಗೆ ಅದರ ಬಾಯಿ ಬಿಚ್ಚಿ ಹತ್ತು ತಿಂಗಳಾಗಿರುತ್ತದೆ. ಅಷ್ಟರಲ್ಲಿ ಒಂದು ಬೇಸಿಗೆಯೋ ಒಂದು ಮಳೆಗಾಲವೋ, ಎಷ್ಟೋ ಸಲ ಎರಡೂ ಕಳೆದಿರುತ್ತವೆ. ಅಂಥ ಕಾಳನ್ನು ತಾಜಾ ಇಡುವ ಡಬ್ಬಿಯನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

ಹಕ್ಕಿ ಸಾಕುವವರು ನನ್ನನ್ನು ಹೆಚ್ಚಾಗಿ ಕೇಳುವುದು ಮಾತ್ರ ಡಬ್ಬಿಯ ಬಗ್ಗೆಯೇ. ಸ್ಟೀಲೋ, ಗಾಜೋ, ಪ್ಲಾಸ್ಟಿಕ್ಕೋ? ನನ್ನ ಉತ್ತರ ಯಾವಾಗಲೂ ಒಂದೇ: ಮೊದಲು ಚೀಲ ಚಿಕ್ಕದು ಮಾಡಿ, ಡಬ್ಬಿಯ ಮಾತು ಆಮೇಲೆ.

ಹಕ್ಕಿಗೆ ಹಾಕುವ ನವಣೆ, ಸಾಮೆ, ಬರಗು ಸಿಪ್ಪೆಯೊಳಗೆ ಉಸಿರಾಡುತ್ತಿರುವ ಬೀಜಗಳು. ಇವುಗಳಲ್ಲಿ ಕೊಬ್ಬು ಕಡಿಮೆ. ನವಣೆಯಲ್ಲಿ ಶೇ 4ರ ಆಸುಪಾಸು. ಸೂರ್ಯಕಾಂತಿ ಬೀಜದಲ್ಲಿ ಎಣ್ಣೆಯ ಪಾಲು ಶೇ 40ರ ಹತ್ತಿರ. ಕುಸುಬೆ, ಹುಚ್ಚೆಳ್ಳು, ಅಗಸೆ ಕೂಡ ಎಣ್ಣೆಕಾಳುಗಳೇ. ಗಾಳಿ, ಬೆಳಕು, ಸೆಕೆ ಸೇರಿ ಮೊದಲು ಕೆಡಿಸುವುದು ಈ ಎಣ್ಣೆಯನ್ನು. ಹಾಗಾಗಿ ಎಲ್ಲ ಬೆರೆಸಿದ ‘ಮಿಕ್ಸ್’ ಪ್ಯಾಕೆಟ್ಟಿನ ಆಯುಸ್ಸು ಅದರೊಳಗಿನ ಅತಿ ಜಿಡ್ಡಿನ ಕಾಳಿನ ಆಯುಸ್ಸಷ್ಟೇ. ಸಿರಿಧಾನ್ಯ ಬೇರೆ, ಎಣ್ಣೆಕಾಳು ಬೇರೆ ತಂದು, ವಾರಕ್ಕೆ ಬೇಕಾದಷ್ಟನ್ನು ಮನೆಯಲ್ಲೇ ಬೆರೆಸಿಕೊಳ್ಳುವುದು ಜಾಣತನ. ಮಿಕ್ಸ್ ಪ್ಯಾಕೆಟ್ಟು ಇರುವುದು ಅಂಗಡಿಯವರ ಅನುಕೂಲಕ್ಕೆ, ಹಕ್ಕಿಯ ಅನುಕೂಲಕ್ಕಲ್ಲ.

ಇನ್ನು ಕೆಲವರು ಹಕ್ಕಿಯ ಮೇಲಿನ ಅಕ್ಕರೆಗೆ, ನಾವು ಅನ್ನ ಮಾಡಿಕೊಳ್ಳುವ ನವಣೆ ಅಕ್ಕಿಯನ್ನೇ ಹಾಕುತ್ತಾರೆ. ಸಿಪ್ಪೆ ಹೋದ ಮೇಲೆ ಕಾಳಿಗೆ ರಕ್ಷಣೆಯೇ ಇಲ್ಲ, ಬಲುಬೇಗ ಕಮಟುತ್ತದೆ. ಸಿಪ್ಪೆ ಸುಲಿಯುವ ಕೆಲಸ ಕಿತ್ತುಕೊಂಡರೆ ಹಕ್ಕಿಗೆ ಹೊತ್ತೂ ಹೋಗುವುದಿಲ್ಲ. ಸಿಪ್ಪೆ ಸಮೇತದ ನವಣೆಯೇ ಒಳ್ಳೆಯದು.

ಕೊಳ್ಳುವಾಗ ಪ್ಯಾಕೆಟ್ಟಿನ ಬಣ್ಣ ನೋಡಬೇಡಿ, ಅಂಗೈ ನೋಡಿ. ಒಂದು ಹಿಡಿ ನವಣೆ ತೆಗೆದುಕೊಂಡು ಮುಷ್ಟಿ ಬಿಗಿದು, ಬೆರಳ ಸಂದಿಯಿಂದ ಮೆಲ್ಲಗೆ ಸುರಿಯಿರಿ. ಒಳ್ಳೆಯ ಕಾಳು ಹೊಳೆಯುತ್ತದೆ, ಜಾರಿ ಹೋಗುತ್ತದೆ, ಅಂಗೈಯಲ್ಲಿ ಏನನ್ನೂ ಉಳಿಸುವುದಿಲ್ಲ. ಅಂಗೈಗೆ ಬೂದುಬಣ್ಣದ ಹುಡಿ ಮೆತ್ತಿಕೊಂಡರೆ ಅದು ಹಳೆಯ ಮಾಲು, ಒಳಗೆ ಹುಳು ಕೆಲಸ ಶುರುಮಾಡಿದೆ. ಎರಡು ಮೂರು ಕಾಳು ಜೇಡರ ಎಳೆಯಂಥ ನೂಲಿನಲ್ಲಿ ಅಂಟಿಕೊಂಡಿದ್ದರೆ ಪತಂಗದ ಮರಿಯಿದೆ. ಸೂರ್ಯಕಾಂತಿಯಾದರೆ ಒಂದನ್ನು ಸುಲಿದು ಬಾಯಿಗೆ ಹಾಕಿಕೊಳ್ಳಿ: ಹಾಲಿನಂಥ ಸಿಹಿ ಇರಬೇಕು. ನಾಲಿಗೆಯ ಹಿಂಬದಿಯಲ್ಲಿ ಕಹಿ ಹತ್ತಿದರೆ ಚೀಲ ಕೆಳಗಿಟ್ಟು ಬನ್ನಿ. ಮನೆಗೆ ತಂದ ಮೇಲೆ ಇಪ್ಪತ್ತು ನವಣೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೂರು ನಾಲ್ಕು ದಿನದಲ್ಲಿ ಹೆಚ್ಚಿನವು ಮೊಳೆತರೆ ಕಾಳಿಗೆ ಜೀವವಿದೆ. ಅರ್ಧಕ್ಕರ್ಧ ಸುಮ್ಮನಿದ್ದರೆ ನೀವು ಕೊಟ್ಟ ದುಡ್ಡಿಗೆ ಬಂದದ್ದು ಹಳೆಯ ದಾಸ್ತಾನು.

ಕಾಳಿನ ಆಯುಸ್ಸಿಗೆ ಅಮೆರಿಕದ ಬೀಜ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್‌ಟನ್ ಕೊಟ್ಟ ಸರಳ ಲೆಕ್ಕವೊಂದಿದೆ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಮೊಳಕೆಶಕ್ತಿಯ ಆಯುಸ್ಸು ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಇನ್ನೊಮ್ಮೆ ಇಮ್ಮಡಿ. ಫ್ಯಾರನ್‌ಹೀಟ್ ಉಷ್ಣತೆಯನ್ನೂ ಗಾಳಿಯ ತೇವದ ಶೇಕಡಾವಾರನ್ನೂ ಕೂಡಿದರೆ ಮೊತ್ತ 100 ದಾಟಬಾರದು ಎಂಬುದು ಅವರದೇ ಇನ್ನೊಂದು ಸೂತ್ರ. ಜುಲೈ ತಿಂಗಳ ಮಂಗಳೂರಿನಲ್ಲಿ ಉಷ್ಣತೆ 80, ತೇವ 90, ಮೊತ್ತ 170. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲೊಂದೇ ನೂರು ದಾಟಿರುತ್ತದೆ. ತಂಪು ಊರೆಂದು ನಾವು ಬೀಗುವ ಬೆಂಗಳೂರಿನ ಹಿತವಾದ ದಿನವೂ 140ರ ಹತ್ತಿರ. ಅಂದರೆ ಬಾಯಿ ಬಿಚ್ಚಿದ ಚೀಲವನ್ನು ಕ್ಲಿಪ್ಪು ಹಾಕಿ ಪಂಜರದ ಕೆಳಗೆ ಇಡುವುದು ಕರ್ನಾಟಕದ ಯಾವ ಮೂಲೆಗೂ ಆಗಿಬರುವ ಪದ್ಧತಿಯಲ್ಲ.

ಉತ್ತರ ಕರ್ನಾಟಕದ ರೈತರು ಇದನ್ನು ಬಲ್ಲವರು. ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ, ಒಳಗಿನ ಆಮ್ಲಜನಕವನ್ನು ಕಾಳು, ಹುಳುಗಳೇ ಉಸಿರಾಡಿ ಮುಗಿಸುತ್ತವೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಹಗೇವಿಗೆ ಇಳಿಯಬಾರದೆನ್ನುವುದು ಇದೇ ಕಾರಣಕ್ಕೆ. ದಿನಬಳಕೆಯ ಕಾಳಿಗೆ ಮನೆಯೊಳಗೆ ವಾಡೆ, ಗುಡಾಣ ಬೇರೆಯೇ ಇರುತ್ತಿದ್ದವು. ಹಕ್ಕಿ ಸಾಕುವವರೂ ಇಷ್ಟು ಮಾಡಿದರೆ ಸಾಕು: ದಾಸ್ತಾನಿನ ಡಬ್ಬಿ ಒಂದು, ದಿನಬಳಕೆಯ ಡಬ್ಬಿ ಇನ್ನೊಂದು. ದಾಸ್ತಾನಿನದು ಗಾಳಿಯಾಡದಂತೆ ಮುಚ್ಚುವಂಥದ್ದು, ಕಂಠಮಟ್ಟ ತುಂಬಿದ್ದು, ಫ್ರಿಜ್ಜಿನಲ್ಲಿರುವಂಥದ್ದು. ವಾರಕ್ಕೊಮ್ಮೆ ಅದರಿಂದ ತೆಗೆದು ಚಿಕ್ಕ ಡಬ್ಬಿಗೆ ಹಾಕಿಕೊಳ್ಳಿ. ಫ್ರಿಜ್ಜಿನಿಂದ ತೆಗೆದದ್ದನ್ನು ತಕ್ಷಣ ತೆರೆಯಬೇಡಿ. ತಣ್ಣನೆಯ ಕಾಳಿಗೆ ಹೊರಗಿನ ಗಾಳಿ ತಾಗಿದರೆ ನೀರು ಕೂರುತ್ತದೆ. ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ. ಸ್ಟೀಲಾದರೂ ಸರಿ, ಗಾಜಾದರೂ ಸರಿ. ಗಾಜಾದರೆ ಕತ್ತಲಲ್ಲಿಡಿ. ತೆಳು ಪ್ಲಾಸ್ಟಿಕ್ ಚೀಲವನ್ನು ಹುಳು ಕೊರೆಯುತ್ತದೆ, ಇಲಿ ಹರಿಯುತ್ತದೆ. ಇಲಿ ಮುಟ್ಟಿದ ಕಾಳನ್ನು ಯೋಚಿಸದೆ ಎಸೆಯಿರಿ.

ಕೆಟ್ಟ ಕಾಳಿನಲ್ಲಿ ಮೂರು ತೆರ. ಮೂರಕ್ಕೂ ಒಂದೇ ತೀರ್ಪು ಕೊಡಬಾರದು.

ಮೊದಲನೆಯದು ಹುಳು. ಇದಕ್ಕೆ ಗಾಬರಿ ಬೇಡ. ಹುಳು, ಪತಂಗ ಹಕ್ಕಿಗೆ ವಿಷವಲ್ಲ. ಕಾಳಿಗೆ ಔಷಧ ಹೊಡೆದಿಲ್ಲ ಎಂಬ ಸೂಚನೆಯೂ ಹೌದು. ಧಾನ್ಯದಲ್ಲಿ ಗೂಡು ನೇಯುವ ಅಕ್ಕಿ ಪತಂಗವನ್ನು ನಮ್ಮ ಕೃಷಿ ಪ್ರಯೋಗಾಲಯಗಳಲ್ಲಿ ಬೇಕೆಂದೇ ಸಾಕುತ್ತಾರೆ. ಅದರ ಮೊಟ್ಟೆಗಳ ಮೇಲೆ ಟ್ರೈಕೋಗ್ರಾಮ ಎಂಬ ಪರತಂತ್ರ ಜೀವಿಯನ್ನು ಬೆಳೆಸಿ, ಬೆಳೆಯ ಕೊರಕಗಳ ಮೇಲೆ ಹೊಲಕ್ಕೆ ಬಿಡುತ್ತಾರೆ. ನಿಮ್ಮ ಕಾಳಿನಲ್ಲಿ ಹುಳುವೋ ಪತಂಗವೋ ಕಂಡರೆ ಮೊರದಲ್ಲಿ ಕೇರಿ, ಜರಡಿ ಹಿಡಿದು, ನೂಲು ಕಟ್ಟಿದ ಗಂಟುಗಳನ್ನು ಬಿಸಾಡಿ, ಉಳಿದದ್ದನ್ನು ಮುಚ್ಚಿದ ಚೀಲದಲ್ಲಿ ಫ್ರೀಜರಿನೊಳಗೆ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಿ. ಮೊಟ್ಟೆ, ಮರಿ, ದೊಡ್ಡದು ಎಲ್ಲ ಸಾಯುತ್ತವೆ. ಹೊಸ ಕಾಳು ತಂದಾಗಲೂ ಇದನ್ನೇ ಮೊದಲು ಮಾಡುವುದು ಒಳ್ಳೆಯ ರೂಢಿ.

ಎರಡನೆಯದು ಕಮಟು. ಹಳೆಯ ಎಣ್ಣೆಯ ವಾಸನೆ ಬಂದ ಸೂರ್ಯಕಾಂತಿಯನ್ನು ಫ್ರೀಜರ್ ಹಿಂದಕ್ಕೆ ತರಲಾರದು. ಬಿಸಿಲಿಗೆ ಹಾಕಿದರೆ ಇನ್ನಷ್ಟು ಕೆಡುತ್ತದೆ. ಎಸೆಯಬೇಕು.

ಮೂರನೆಯದು ಬೂಷ್ಟು. ಇಲ್ಲಿ ದಾಕ್ಷಿಣ್ಯವೇ ಇರಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬೆನ್ನುಹತ್ತಿ ಹೋದರೆ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಅದು ಉಗುಳಿದ ವಿಷಕ್ಕೇ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಯಕೃತ್ತನ್ನು ತಿನ್ನುವ ಈ ವಿಷ ಜಗತ್ತಿಗೆ ಗೊತ್ತಾದದ್ದೇ ಸಾಕಿದ ಹಕ್ಕಿಗಳ ಸಾವಿನಿಂದ. ತೊಳೆದರೂ ಒಣಗಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ಹಾಕುವ ಲೆಕ್ಕಾಚಾರ ಬೇಡ. ಮುಗ್ಗಲು ವಾಸನೆ ಬಂದ ಡಬ್ಬಿ ಪೂರ್ತಿ ಖಾಲಿಯಾಗಲಿ. ಸಿಪ್ಪೆ ಸಮೇತದ ಶೇಂಗಾವನ್ನು ಹಕ್ಕಿಗೆ ಕೊಡುವ ಅಭ್ಯಾಸವಿದ್ದರೆ ಒಡೆದು ನೋಡದೆ ಕೊಡಬೇಡಿ.

ಅಡುಗೆಮನೆಯ ಉಪಾಯಗಳಲ್ಲಿ ಒಣಗಿದ ಬೇವಿನ ಎಲೆ ಇಡಬಹುದು. ಅಕ್ಕಿಗೆ ಹಚ್ಚುವ ಬೋರಿಕ್ ಪೌಡರು, ಬೇಳೆಗೆ ಸವರುವ ಹರಳೆಣ್ಣೆ ಕೂಡದು: ನಾವು ತೊಳೆದು ಬೇಯಿಸುತ್ತೇವೆ, ಹಕ್ಕಿ ಇದ್ದ ಹಾಗೇ ತಿನ್ನುತ್ತದೆ. ನುಸಿಗುಳಿಗೆ ಕಾಳಿಟ್ಟ ಕಪಾಟಿನ ಹತ್ತಿರವೂ ಸುಳಿಯಬಾರದು. ಗೋದಾಮಿನ ವಿಷಗುಳಿಗೆ ಮನೆಯೊಳಗೆ ಬಂದರೆ ಹಕ್ಕಿಯ ಜತೆ ಮನುಷ್ಯರಿಗೂ ಆಪತ್ತು.

ಪೆಲೆಟ್ ಹಾಕುವವರಿಗೆ ಒಂದೇ ಮಾತು: ಅದನ್ನು ಡಬ್ಬಿಗೆ ಸುರಿಯಬೇಡಿ, ಕಂಪನಿಯ ಚೀಲದ ಸಮೇತ ಡಬ್ಬಿಯೊಳಗಿಡಿ. ಅದರ ಎ, ಇ ಜೀವಸತ್ವಗಳು ಬೆಳಕು, ಗಾಳಿ ತಾಗಿದರೆ ಕರಗುತ್ತವೆ. ಚೀಲ ಅದನ್ನು ತಡೆಯಲೆಂದೇ ಮಾಡಿದ್ದು. ದಿನಾಂಕ, ಬ್ಯಾಚ್ ನಂಬರೂ ಕೈಗೆ ಸಿಗುತ್ತವೆ. ಬೇಯಿಸಿದ ಮೊಟ್ಟೆ, ನೆನೆಸಿದ ಕಾಳು ಬೇಸಿಗೆಯಲ್ಲಿ ಎರಡು ಗಂಟೆ ಮೀರಿ ಬಟ್ಟಲಲ್ಲಿರಬಾರದು.

ಬಟ್ಟಲಿನ ಮಾತು ಬಂದಿತು. ಬಜರಿಗರ್ ಕಾಳನ್ನು ಸುಲಿದು ಹೊಟ್ಟನ್ನು ಅಲ್ಲೇ ಉದುರಿಸುತ್ತದೆ. ನೋಡುವವರಿಗೆ ಬಟ್ಟಲು ತುಂಬಿದ ಹಾಗೇ ಕಾಣುತ್ತದೆ. ಊದಿದರೆ ಮೇಲಿನ ಪದರವೆಲ್ಲ ಹಾರಿ, ತಳದಲ್ಲಿ ನಾಲ್ಕು ಕಾಳು ಉಳಿದಿರುತ್ತವೆ. ಎಷ್ಟೋ ಹಕ್ಕಿಗಳು ತುಂಬಿದ ಬಟ್ಟಲಿನ ಮುಂದೆ ಹಸಿದು ಕೂತಿರುತ್ತವೆ. ದಿನಾ ಊದಿ ನೋಡಿ, ಹಳೆಯದರ ಮೇಲೆ ಹೊಸದು ಸುರಿಯಬೇಡಿ. ದಾಸ್ತಾನಿನ ಡಬ್ಬಿಗೂ ಇದೇ ನಿಯಮ: ಪೂರ್ತಿ ಖಾಲಿ ಮಾಡಿ, ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆಯೇ ಹೊಸ ಕಾಳು.

ಮುಂದಿನ ಸಲ ಅಂಗಡಿಗೆ ಹೋದಾಗ ಜೋಡಿ ಹಕ್ಕಿಗೆ ಅರ್ಧ ಕೆಜಿ ಕೇಳಿ. ಅಂಗಡಿಯವರು ಮುಖ ಸಣ್ಣದು ಮಾಡಿದರೆ ಮಾಡಲಿ. ಹಕ್ಕಿ ಸಾಕುವ ನೆರೆಯವರಿದ್ದರೆ ಐದು ಕೆಜಿ ತಂದು ಹಂಚಿಕೊಳ್ಳಿ, ದುಡ್ಡೂ ಉಳಿಯುತ್ತದೆ. ಮನೆಗೆ ಬಂದು ಬಾಯಿ ಬಿಚ್ಚಿದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ. ಆ ತಾರೀಖಿಗೆ ಎರಡು ತಿಂಗಳು ತುಂಬಿದರೆ ಉಳಿದದ್ದನ್ನು ಮೂಸಿ, ಅಂಗೈಗೆ ಸುರಿದು ನೋಡಿ. ಅನುಮಾನ ಬಂದರೆ ತಿಪ್ಪೆಗೆ ಹಾಕಿ. ಒಂದು ಹಿಡಿ ನವಣೆಯ ಬೆಲೆ ಪಕ್ಷಿವೈದ್ಯರ ಫೀಸಿಗಿಂತ ಯಾವತ್ತೂ ಕಡಿಮೆಯೇ.